ಪಾಲಿಶ್ ಆದ ಹಳೆಯ ಬಾಗಿಲು

ಗೆಳೆಯರೇ, ನಮ್ಮ ರಾಜೀವನಗರದ ಅಡುಗೆಮನೆಯಲ್ಲಿ ಇಂದು ಸಮ್ಮಿಶ್ರ ಸರ್ಕಾರ ಅಧಿಕಾರಕ್ಕೆ ಬಂದಿದೆ. ಕಪಾಟುಗಳಿಗೆಲ್ಲ ಹೊಳೆಯುವ ಬಿಳಿ ಬಾಗಿಲು, ಒಂದಕ್ಕೆ ಮಾತ್ರ ತೀರಿಹೋದ ಅಮ್ಮನ ಕಾಲದ ತೇಗದ ಬಾಗಿಲು.

"ಒಂದೊಂದು ಒಂದೊಂದ್ ಥರ ಇದ್ರೆ ನೋಡಿದೋರು ನಗಲ್ವೇನ್ರೀ?" ಎಂದು ಹೆಂಡತಿ ವಿರೋಧಿಸಿದ್ದಳು. ಆಯುಧಪೂಜೆಗೆ ಅಮ್ಮ ಇಡುತ್ತಿದ್ದ ಕುಂಕುಮದ ಬೊಟ್ಟುಗಳು ಅದರ ಮೇಲಿವೆ ಎಂದು ಹಟ ಹಿಡಿದು ನಾನೇ ಗೆದ್ದಿದ್ದೆ.

ಸಂಜೆ ಬಡಗಿ ಶಿವಣ್ಣ ಹೆಮ್ಮೆಯಿಂದ ಬಾಗಿಲು ತೋರಿಸಿದರು. "ಕಲೆ ಕೂತ್ಬುಟ್ಟಿತ್ತು ಸಾರ್. ಚೆನ್ನಾಗಿ ಉಜ್ಜಿ ಪಾಲಿಶ್ ಹೊಡ್ದುಬುಟ್ಟೆ. ಹೊಸದ್ರ ಪಕ್ಕ ಹೆಂಗ್ ಹೊಂದ್ಕೊಂತು ನೋಡಿ!"

ಅವರು ಹೋದ ಮೇಲೆ ವಿರೋಧ ಪಕ್ಷದ ನಾಯಕಿಯೇ ಕುಂಕುಮದ ಬಟ್ಟಲು ತಂದಳು. ಬೊಟ್ಟುಗಳು ಎಲ್ಲೆಲ್ಲಿದ್ದವೆಂದು ಇಬ್ಬರಿಗೂ ನೆನಪಾಗಲಿಲ್ಲ.

ನಮ್ಮ ಅಡುಗೆಮನೆಯಲ್ಲಿ ಯಾವತ್ತಾದರೂ ಫೋಟೊ ತೆಗೆದಿದ್ದರೆ ದಯವಿಟ್ಟು ಕಳುಹಿಸಿ. ಬಾಗಿಲು ಕಾಣಬೇಕು. ಅಮ್ಮ ಅಡ್ಡ ನಿಂತಿದ್ದರೂ ಪರವಾಗಿಲ್ಲ.