ಕಾಲ್ಪೇಟಿಗೆ ಯಾವ ಎಣ್ಣೆ?

ಗದಿಗೆಪ್ಪ ಕಾಕಾರ ಕಾಲ್ಪೇಟಿಯನ್ನು ಉಳಿಸಿದ್ದು ಹೊಲಿಗೆ ಮಷಿನ್ನಿನ ಎಣ್ಣೆ ಎಂದು ಹಿರೇಬೆಂಡಿಗೇರಿಯಲ್ಲಿ ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚರ್ಚಾ ಸ್ಪರ್ಧೆಗಳಲ್ಲಿ ನಾಲಿಗೆ ಪಳಗಿಸಿಕೊಂಡವನು ನಾನು. ಊರೆಲ್ಲ ಒಪ್ಪಿದ ಮಾತು ಕಿವಿಗೆ ಬಿದ್ದರೆ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕಂತಾಗುತ್ತದೆ, ಕೆದಕುವವರೆಗೆ ಸಮಾಧಾನವಿಲ್ಲ.

ಕಾಲ್ಪೇಟಿ ಎಂದರೆ ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ. ಮೇಲೆ ಎರಡೂ ಕೈ ನುಡಿಸುತ್ತಿದ್ದರೆ ಕೆಳಗೆ ಪಾದ ಪೆಡಲ್ ತುಳಿಯುತ್ತಿರಬೇಕು. ಪೆಡಲ್ಲಿನ ಬುಡದಲ್ಲಿ, ಬಾಗಿಲಿಗಿರುವಂಥದೇ ಒಂದು ಹಿತ್ತಾಳೆಯ ಬಿಜಾಗರಿ. ಈ ಶ್ರಾವಣದ ಹೊತ್ತಿಗೆ ಅದು ಎಷ್ಟು ಬಿಗಿದಿತ್ತೆಂದರೆ ಒಂದು ಪದ ಮುಗಿಯುವುದರೊಳಗೆ ಕಾಕಾರ ಮೊಣಕಾಲು ಸೋಲುತ್ತಿತ್ತು. ಮೇಲಾಗಿ ಕಿರ್ರೆನ್ನುವ ಸಪ್ಪಳ. ಸೋಮವಾರದ ಭಜನೆಯ ಹೊತ್ತಿಗೆ ಸರಿಹೋಗದಿದ್ದರೆ ಶಿಗ್ಗಾಂವಿಯಿಂದ ಕೀಬೋರ್ಡು, ಅದರ ಜೊತೆಗೆ ಅದನ್ನು ನುಡಿಸುವವನೂ ಬರುತ್ತಾನೆಂದು ಭಜನಾ ಮೇಳದವರು ಹೇಳಿಬಿಟ್ಟಿದ್ದರು. ಅಂದರೆ ಕಾಕಾ ಮೇಳದ ನಡುವಿನ ಕುರ್ಚಿ ಬಿಟ್ಟು, ಗೋಡೆಗೊರಗಿ ಕೇಳುವವರ ಸಾಲಿಗೆ ಸರಿಯಬೇಕು.

ಹಾಗಾಗಿ ಎಣ್ಣೆಯ ಪ್ರಶ್ನೆ ಎದ್ದಿತು. ಕಾಕಾರ ಪಡಸಾಲೆಯೇ ಚರ್ಚಾಕೂಟ.

"ಕುಸುಬಿ ಎಣ್ಣಿ ಇರೂವಾಗ ಬ್ಯಾರೆ ಯಾಕ? ಇಷ್ಟ ವರ್ಷ ಅದನ್ನ ಹಾಕೇವಿ," ಎಂದರು ಕಾಕಾರ ಹೆಂಡತಿ ಶಾಂತವ್ವ ಕಾಕು.

"ಅದನ್ನ ಒಗ್ಗರಣಿಗೆ ಹಾಕ್ರಿ. ಪೇಟಿಗೆ ನನ್ನ ಮಷಿನ್ ಎಣ್ಣಿನ ಬೇಕು," ಎಂದ ಮೇಳದಲ್ಲಿ ತಬಲಾ ಬಾರಿಸುವ ದರ್ಜಿ ಮಕ್ತುಮಣ್ಣ.

"ನಿನ್ನ ಮಷಿನ್ ಅಷ್ಟ ಶಾಣ್ಯಾ ಇದ್ರ ನನ್ನ ಕುಬಸದ ತೋಳು ಯಾಕ ಸೊಟ್ಟ ಆತೋ ಮಕ್ತುಮಾ?"

ಸವಣೂರಿನಿಂದ ಬಂದಿದ್ದ ಬೀಗರೊಬ್ಬರು ತಮ್ಮೂರಿನ ಹೆಸರಾದ ಕುರುಕಲು ಖಾರ ಕರಿದುಳಿದ ಎಣ್ಣೆ ಕಳಿಸುತ್ತೇನೆಂದರು. ಅದನ್ನು ಸಭೆ ಚರ್ಚೆಗೇ ತೆಗೆದುಕೊಳ್ಳಲಿಲ್ಲ.

ಎದುರಾಳಿಗಳನ್ನು ಮುರಿಯಬೇಕಲ್ಲ, ನಾನು ಎಣ್ಣೆಗಳ ಬಗ್ಗೆ ಓದತೊಡಗಿದೆ. ಓದುತ್ತ ಓದುತ್ತ ವಾದ ಮರೆತೇಹೋಯಿತು. ಎಣ್ಣೆಗಳಿಗೂ ಮನುಷ್ಯರ ಹಾಗೆ ಸ್ವಭಾವಗಳಿವೆ. ಕೊಬ್ಬರಿ ಎಣ್ಣೆ ಚಳಿ ಬಿದ್ದರೆ ಮುದುಡಿ ಹೆಪ್ಪಾಗುತ್ತದೆ. ಔಡಲೆಣ್ಣೆ, ಅಂದರೆ ಹರಳೆಣ್ಣೆ, ಮಹಾ ಅತಿಥಿಪ್ರಿಯ. ಹಾರಿ ಬಂದ ಧೂಳನ್ನೆಲ್ಲ ಕೂಡಿಸಿಕೊಂಡು ಹೋಗಗೊಡುವುದಿಲ್ಲ. ಕುಸುಬಿ ಎಣ್ಣೆ ಗಾಳಿಗೆ ಒಣಗುತ್ತ ಅಂಟಾಗುತ್ತದೆ. ಬಣ್ಣ ಕಲಸುವವರಿಗೆ ಬೇಕಾದದ್ದು ಆ ಗುಣವೇ, ಬಿಜಾಗರಿಗೆ ಅದೇ ಉರುಳು. ಮಷಿನ್ ಎಣ್ಣೆ ತೆಳು, ಸಂದಿಗೆ ಸಲೀಸಾಗಿ ಇಳಿಯುತ್ತದೆ. ಆದರೆ ಪಕ್ಕದ ತೊಗಲಿನ ಪಟ್ಟಿಗೆ ಹರಿಯದಂತೆ ಕಾಯಬೇಕು.

ಸೋಮವಾರ ಬೆಳಿಗ್ಗೆ ಬಿಜಾಗರಿ ಬಿಚ್ಚಿದೆ. ಒಳಗಿದ್ದದ್ದು ಬರೀ ಅಂಟಲ್ಲ, ಬೂದುಬಣ್ಣದ ಗಸಿ. ಎಲ್ಲಿಂದ ಬಂತು? ಆಗ ನೆನಪಾಯಿತು: ಪ್ರತಿ ಮಹಾನವಮಿಗೆ, ಖಂಡೆ ಪೂಜೆಯ ದಿನ, ಕುಡಗೋಲು ಕುಂಟೆಗಳ ಸಾಲಿನಲ್ಲಿ ಪೇಟಿಯನ್ನೂ ಇಟ್ಟು ಕಾಕಾ ಆ ಬಿಜಾಗರಿಗೆ ಎಣ್ಣೆ ಬಿಟ್ಟು, ಮೇಲೆ ಮೂರು ಬೆರಳಿನ ವಿಭೂತಿ ಎಳೆಯುತ್ತಾರೆ. ಪೆಡಲ್ ಅಲುಗಿದಂತೆಲ್ಲ ಅದು ಒಳಗಿಳಿಯುತ್ತದೆ. ಕಾಕು ದಿನಾ ಹಿತ್ತಾಳೆ ಕೊಡ ತಿಕ್ಕುವುದು ಬೂದಿಯಿಂದಲೇ. ಬೂದಿ ಹಿತ್ತಾಳೆಯನ್ನು ಹೇಗೆ ಉಜ್ಜಿ ಸವೆಸುತ್ತದೆಂದು ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

"ಕಾಕಾ, ತಪ್ಪು ಎಣ್ಣಿದಷ್ಟ ಅಲ್ರಿ, ವಿಭೂತಿದು," ಎಂದೆ.

"ತಪ್ಪು ವಿಭೂತಿದಂತ! ನಿನ್ನ ಬಾಯಾಗ ಒಂದರ ಛಲೋ ಮಾತು ಬರ್ತೈತೇನಲೇ?" ಎಂದರು. ಆಮೇಲೆ ದನಿ ಇಳಿಯಿತು. "ಅಲ್ಲೋ, ಕೈಯಾಗಿನ ವಿದ್ಯಾ ಅದು. ಅದರ ಮ್ಯಾಲ ದಿನಾ ಕಾಲು ಇಡತೇನಿ. ಬರೇ ಕಾಲು ಅಷ್ಟ ಇಡ್ಲ್ಯಾ?"

ಯಾವ ಸ್ಪರ್ಧೆಯಲ್ಲೂ ನನಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸುರಿದು ಗಸಿ ತೊಳೆದೆ. ಮಕ್ತುಮಣ್ಣ ತನ್ನ ಎಣ್ಣೆಯ ಹನಿ ಬಿಟ್ಟ. ಅಂದು ಸಂಜೆ ಪೆಡಲ್ ಕಿರ್ರೆನ್ನಲಿಲ್ಲ. ಕಾಕಾ ಮಂಗಳ ಹಾಡಿದ ಮೇಲೂ ಕುರ್ಚಿ ಬಿಡದೆ ಇನ್ನೊಂದು ಪದ ನುಡಿಸಿದರು. ಕೀಬೋರ್ಡಿನ ಮಾತನ್ನು ಯಾರೂ ಎತ್ತಲಿಲ್ಲ.

ಎಣ್ಣೆ ಗೆದ್ದಿತೆಂದು ಮಕ್ತುಮಣ್ಣ, ತೊಳೆದದ್ದು ಗೆದ್ದಿತೆಂದು ನಾನು. ಎರಡನ್ನೂ ಒಂದೇ ಬೆಳಿಗ್ಗೆ ಮಾಡಿದ್ದೇವೆ. ಹೀಗಿರುವಾಗ ಯಾವುದೆಂದು ಹೇಗೆ ಹೇಳುತ್ತೀರಿ ಎಂದು ಎದುರಾಳಿಯನ್ನಾಗಿದ್ದರೆ ನಾನೇ ಹಿಡಿದು ಜಾಡಿಸುತ್ತಿದ್ದೆ. ಸಾಬೀತಿಗೆ ಇರುವುದು ಒಂದೇ ದಾರಿ: ಅದೇ ಮಷಿನ್ ಎಣ್ಣೆಯ ಮೇಲೆ ಮತ್ತೆ ವಿಭೂತಿ ಬಿದ್ದು, ಪೇಟಿ ಮತ್ತೆ ಕಿರ್ರೆನ್ನಬೇಕು. ನಾನು ಗೆದ್ದರೆ ಕಾಕಾರ ಕುರ್ಚಿ ಹೋಗುತ್ತದೆ. ವಾದವೊಂದು ಸಾಬೀತಾಗದೆ ಉಳಿಯಲಿ ಎಂದು ನನಗೆ ಅನ್ನಿಸಿದ್ದು ಇದೇ ಮೊದಲು.

ಮಹಾನವಮಿ ಹತ್ತಿರ ಬಂತು. ನಿನ್ನೆ ಕಾಕಾ ಹಳೇ ಧೋತರದ ಚೂರಿನಿಂದ ಪೆಡಲ್ ಒರೆಸುತ್ತ ಕೂತಿದ್ದರು. ಪಕ್ಕದಲ್ಲೇ ವಿಭೂತಿ ಗಟ್ಟಿ ಇತ್ತು. ತಡೆಯಲಾರದೆ ಕೇಳಿದೆ:

"ಕಾಕಾ, ಈ ಸಲ ವಿಭೂತಿ ಎಲ್ಲಿ ಹಚ್ಚಾವ್ರು ನೀವು, ಬಿಜಾಗರಿಗೋ ಪೇಟಿ ಮ್ಯಾಲೋ?"