ಬಿಳಿ ಪಂಚೆಯ ಹಿಂದಿನ ಬೆಳಕು

ಮೊನ್ನೆ ಪುತ್ತೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಫೋಟೋ ತೆಗೆಯುವವನು ನನ್ನ ಕುರ್ಚಿಯ ಪಕ್ಕದಲ್ಲೇ ತನ್ನ ದೀಪ ನಿಲ್ಲಿಸಿದ್ದ. ದೀಪದ ಮುಂದೆ ಬಿಳಿ ಬಟ್ಟೆ ಬಿಗಿದ ಒಂದು ದೊಡ್ಡ ಪೆಟ್ಟಿಗೆ, ಬಾಗಿಲಿನಷ್ಟು ಅಗಲದ್ದು. ಒಂದೆರಡು ಸಲ ಮಿಂಚಿಸಿ, ಕ್ಯಾಮೆರಾದ ಬೆನ್ನು ನೋಡಿ, "ಬೆಳಕು ಸಾಕಾಗುದಿಲ್ಲವಲ್ಲ" ಎಂದು ತನ್ನಷ್ಟಕ್ಕೆ ಗೊಣಗಿದ. ಅಷ್ಟೇ. ಮದುವೆ ನಮ್ಮ ಮನೆಯದಲ್ಲ, ಫೋಟೋ ನನ್ನದಲ್ಲ. ಆದರೂ ಪಾಯಸ ಬಡಿಸುವ ಹೊತ್ತಿಗೆ ಹಸಿವೆ ಹೊರಟೇ ಹೋಗಿತ್ತು. ನೀವು ನಗಬಹುದು. ಆದರೆ ಆ ಮಾತು ನಮ್ಮನ್ನು ಒಮ್ಮೆ ಯಾವ ಪಾಡು ಪಡಿಸಿತೆಂದು ಕೇಳಿದ ಮೇಲೆ ನಗಿ.

ಅರುವತ್ತರ ದಶಕದ ಮಧ್ಯದ ಮಾತು. ಪುತ್ತೂರು ಪೇಟೆಯಲ್ಲಿ ನಮ್ಮವರದು, ಅಂದರೆ ನನ್ನ ಗಂಡನದು, ಒಂದು ಸಣ್ಣ ಫೋಟೋ ಸ್ಟುಡಿಯೋ. ಮಂಗಳೂರಿನಿಂದ ಅವರು ಒಂದು ಹಳೆಯ ಎಲೆಕ್ಟ್ರಾನಿಕ್ ಫ್ಲ್ಯಾಶ್ ತಂದಿದ್ದರು. ಹೆಗಲಿಗೆ ಹಾಕಿಕೊಳ್ಳುವ ಭಾರದ ಪೆಟ್ಟಿಗೆ, ಒಳಗೆ ಬ್ಯಾಟರಿ, ಅದರಿಂದ ಒಂದು ವಯರು, ವಯರಿನ ತುದಿಯಲ್ಲಿ ತಟ್ಟೆಯಂಥ ದೀಪ. ಗುಂಡಿ ಒತ್ತಿದರೆ ಸೊಳ್ಳೆಯ ಹಾಗೆ ಕುಯ್ಯೆಂದು ಕೂಗುತ್ತ ವಿದ್ಯುತ್ತನ್ನು ತುಂಬಿಸಿಕೊಳ್ಳುತ್ತಿತ್ತು. ತುಂಬಿತೆಂದು ತೋರಿಸಲು ಒಂದು ಕೆಂಪು ಕಣ್ಣು. ಮನೆಗೆ ಹೊಸ ಸೊಸೆ ಬಂದ ಹಾಗೆ ನಮ್ಮವರು ಅದನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಮೊದಲ ದಿನದಿಂದಲೂ ಅದರ ಹೆದರಿಕೆ.

ಆಗಲೇ ಸುಳ್ಯದ ಕಡೆಯಿಂದ ಕುಶಾಲಪ್ಪ ಬಂದದ್ದು. ಮಿಲಿಟರಿಯಲ್ಲಿದ್ದವ, ರಜೆಯಲ್ಲಿ ಊರಿಗೆ ಬಂದಿದ್ದ. ಗಡಿಯಲ್ಲಿ ಗಲಾಟೆಯೆಂದು ತಕ್ಷಣ ಹಿಂದೆ ಬರಲು ತಂತಿ ಬಂದಿತ್ತು. ಹೊರಡುವ ಮೊದಲು ತಾಯಿಯ ಜೊತೆ ಒಂದು ಫೋಟೋ ಬೇಕು. ಇಷ್ಟರವರೆಗೆ ಅವರದ್ದು ಒಂದೂ ಇಲ್ಲ. ತಾಯಿ ಚೆನ್ನಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡು ಮಲಗಿದಲ್ಲೇ ಇದ್ದರು. ಅಂಗಳಕ್ಕೆ ಎತ್ತಿ ತರುವುದು ಆಗದ ಮಾತು. ಕೋಣೆಗೆ ಕಿಟಕಿಯಿಲ್ಲ, ಮನೆಗೆ ಕರೆಂಟಿಲ್ಲ. ನಮ್ಮವರು ಪೆಟ್ಟಿಗೆಯ ಕಡೆ ನೋಡಿ, "ಅದಕ್ಕೇ ಇದು ಇರುದು" ಎಂದರು. ಅವರ ಧೈರ್ಯ ಕೇಳಿಯೇ ನನಗೆ ಅಧೈರ್ಯವಾಯಿತು. ದೀಪ ಹಿಡಿಯಲು ಜನ ಬೇಕಲ್ಲ, ನಾನೂ ಹೊರಟೆ.

ಅಲ್ಲಿ ಮೊದಲ ಮಿಂಚಿಗೇ ಚೆನ್ನಮ್ಮನ ಕಣ್ಣು ಮುಚ್ಚಿಹೋಯಿತು. ಪೊರೆ ಬಂದ ಕಣ್ಣು, ನೇರ ಬೆಳಕು ತಾಗಿದರೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಎಷ್ಟು ಸಲ ಮಾಡಿದರೂ ಅದೇ. ಕೊನೆಗೆ ನಮ್ಮವರು ಮನೆಯವರಿಂದ ಒಂದು ಬಿಳಿ ಪಂಚೆ ಕೇಳಿ, ಎರಡು ಮಡಿಕೆ ಮಾಡಿ, ಅಡ್ಡಕ್ಕೆ ಹಗ್ಗ ಕಟ್ಟಿ ತೂಗಹಾಕಿದರು. ಪಂಚೆಯಿಡೀ ಬೆಳಗಲಿ ಎಂದು ದೀಪವನ್ನು ಅದರ ಹಿಂದೆ ದೂರದಲ್ಲಿಟ್ಟರು. ಈಗ ಬೆಳಕು ಹಾಲಿನಂತೆ ಬಂತು. ಚೆನ್ನಮ್ಮ ಕಣ್ಣು ತೆರೆದೇ ಇದ್ದರು. ನಾವು ಗೆದ್ದವರಂತೆ ಬಸ್ಸು ಹತ್ತಿದೆವು.

ಪುತ್ತೂರಿಗೆ ಬಂದು ಮದ್ದಿನಲ್ಲಿ ತೊಳೆದರೆ, ಚಿತ್ರ ಮೂಡಬೇಕಾದ ಗಾಜಿನ ಪ್ಲೇಟಿನಲ್ಲಿ ಏನೂ ಇಲ್ಲ. ಬೆಳಕಿಗೆ ಹಿಡಿದರೆ ಮಂಚದ ಕಾಲಿನದೊಂದು ಮಸುಕು, ಮೇಲೆ ಏನೋ ನೆರಳು. ಕುಶಾಲಪ್ಪ ಹೊರಡಲು ಉಳಿದಿದ್ದದ್ದು ಒಂದೇ ದಿನ.

ಬೆಳಿಗ್ಗೆ ಎದ್ದವರೇ ನಮ್ಮವರು ಪೆಟ್ಟಿಗೆಯನ್ನು ಬಿಚ್ಚಲು ಕೂತರು. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ, ಕೈಹಾಕಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಮಾರಿದವನೇ ಹೇಳಿದ್ದ. ಶಾಕ್ ಹೊಡೆದವರನ್ನು ಮರದಿಂದ ತಳ್ಳಬೇಕೆಂದು ಎಲ್ಲೋ ಕೇಳಿದ್ದೆ. ಅಡುಗೆಮನೆಯಿಂದ ಒನಕೆ ತಂದು ಅವರ ಬೆನ್ನ ಹಿಂದೆ ನಿಂತೆ. ಅವರು ತಿರುಗಿ ನೋಡಿ, "ನೀನು ಎಂತ ಮಾರಾಯ್ತಿ, ಕರೆಂಟು ಬಿಟ್ಟರೂ ನೀನು ಬಿಡುದಿಲ್ಲವಾ" ಎಂದರು. ಆದರೂ ಒನಕೆ ಕೆಳಗಿಡು ಎನ್ನಲಿಲ್ಲ. ಬ್ಯಾಟರಿಗೆ ನೀರು ಹಾಕಿ, ತಂತಿ ಕೂಡುವಲ್ಲಿ ಉಜ್ಜಿ, ಒಳಗಿನದೇನನ್ನೂ ಮುಟ್ಟದೆ ಮುಚ್ಚಿದರು. ನಾನು ಒನಕೆ ಕೆಳಗಿಟ್ಟೆ.

ಆಮೇಲೆ ನನ್ನನ್ನೇ ಚೆನ್ನಮ್ಮನ ಹಾಗೆ ಕತ್ತಲೆಕೋಣೆಯಲ್ಲಿ ಮಲಗಿಸಿ ಪರೀಕ್ಷೆ. ಪಂಚೆಯಿಲ್ಲದೆ ಮಿಂಚಿಸಿದ ಪ್ಲೇಟು ಚೆನ್ನಾಗಿಯೇ ಬಂತು. ಪಂಚೆ ಬಂದರೆ ಕತ್ತಲೆ. ಅಂದರೆ ದೋಷ ಪೆಟ್ಟಿಗೆಯದ್ದಲ್ಲ. ಎರಡು ಮಡಿಕೆ ಬಟ್ಟೆ ಬೆಳಕನ್ನು ನುಂಗುತ್ತಿತ್ತು, ಉಳಿದದ್ದು ದೂರಕ್ಕೆ ಚೆದರಿ ಹೋಗುತ್ತಿತ್ತು. ಕೆಂಪು ಕಣ್ಣೂ ಅವಸರದ್ದು. ಪೂರ್ತಿ ತುಂಬುವ ಮೊದಲೇ ಹೊತ್ತಿಕೊಳ್ಳುತ್ತಿತ್ತು. ಒಂದೇ ಮಡಿಕೆ ಮಾಡಿದೆವು, ಒಗೆದು ತೆಳುವಾದ ಹಳೆಯ ಪಂಚೆ ಹುಡುಕಿದೆವು, ಅದನ್ನೂ ದೀಪವನ್ನೂ ಮುಖದ ಹತ್ತಿರಕ್ಕೆ ತಂದೆವು, ಕೆಂಪು ಕಣ್ಣು ಹೊತ್ತಿದ ಮೇಲೂ ಕಾದೆವು. ಸ್ವಲ್ಪ ಸುಧಾರಿಸಿತು, ಆದರೆ ಸಾಲಲಿಲ್ಲ. ಕ್ಯಾಮೆರಾದ ಬಾಯಿ ಇನ್ನೂ ಅಗಲಕ್ಕೆ ತೆರೆಯುವಂತಿರಲಿಲ್ಲ.

ಊಟಕ್ಕೆ ಕೂತ ನಮ್ಮವರು ಕೈ ತಡೆದು ಹೇಳಿದರು: ಒಂದು ಮಿಂಚು ಸಾಲದಿದ್ದರೆ ಒಂದೇ ಪ್ಲೇಟಿನ ಮೇಲೆ ಮೂರು ಮಿಂಚು ಬೀಳಲಿ. ಕೋಣೆ ಕತ್ತಲೆಯೇ ಇದೆಯಲ್ಲ; ಕ್ಯಾಮೆರಾ ತೆರೆದಿಟ್ಟು ಒಂದರ ಮೇಲೊಂದು ಮಿಂಚಿಸುವುದು. ಒಂದೇ ಷರತ್ತು, ಮೂರು ಮಿಂಚು ಮುಗಿಯುವವರೆಗೆ ಯಾರೂ ಅಲುಗಬಾರದು.

ಮಧ್ಯಾಹ್ನದ ಬಸ್ಸಿನಲ್ಲಿ ಮತ್ತೆ ಸುಳ್ಯ. ದಾರಿಯುದ್ದಕ್ಕೂ ನಾನು ಬೇಡದ್ದನ್ನೆಲ್ಲ ಯೋಚಿಸಿದೆ. ಮುದುಕಿಗೆ ಕೆಮ್ಮು ಬಂದರೆ? ಬ್ಯಾಟರಿ ಸತ್ತರೆ? ಮಿಂಚಿಗೂ ಮಿಂಚಿಗೂ ನಡುವೆ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಿಡಿಯುವ ಕೆಲಸ ನನ್ನದು. ನನ್ನ ಕೈಯೇ ತಾಗಿದರೆ?

ಚೆನ್ನಮ್ಮನ ತಲೆಗೆ ದಿಂಬು ಕೊಟ್ಟು, ಕುಶಾಲಪ್ಪನನ್ನು ಯೂನಿಫಾರಂನಲ್ಲಿ ಮಂಚದ ಅಂಚಿಗೆ ಕೂರಿಸಿ, ಚಿಮಿಣಿ ದೀಪ ಆರಿಸಿದೆವು. ಮೊದಲ ಮಿಂಚು ಬಿತ್ತು. ಮುಚ್ಚಳ ಹಿಡಿದೆ. ಕತ್ತಲೆಯಲ್ಲಿ ಪೆಟ್ಟಿಗೆ ಕುಯ್ಯೆಂದು ಕೂಗತೊಡಗಿತು. ಎರಡನೆಯದೂ ಬಿತ್ತು. ಮತ್ತೆ ಕತ್ತಲೆ, ಮತ್ತೆ ಆ ಕೂಗು. ಈ ಸಲ ಅದು ಮುಗಿಯುವ ಲಕ್ಷಣವೇ ಇಲ್ಲ. ಬ್ಯಾಟರಿ ಸೋತಿತೆಂದೇ ಎಣಿಸಿದೆ. ಕೆಂಪು ಕಣ್ಣು ಹೊತ್ತಿತು, ನಮ್ಮವರು ಇನ್ನೂ ಕಾದರು, ನಾನು ಮುಚ್ಚಳ ತೆಗೆದೆ. ಆಗ ಕತ್ತಲೆಯೊಳಗಿಂದ ಚೆನ್ನಮ್ಮನ ಸ್ವರ ಬಂತು.

"ಮಗಾ, ಇದ್ದೀಯಾ?"

"ಇದ್ದೇನಮ್ಮ" ಎಂದ ಕುಶಾಲಪ್ಪ. ಅದೇ ಗಳಿಗೆಗೆ ಮೂರನೆಯ ಮಿಂಚು ಬಿತ್ತು.

ಉಳಿದಿದ್ದ ಪ್ಲೇಟು ಅದೊಂದೇ. ತೊಳೆದಾಗ ಬೆಳಕಿಗೇನೂ ಕೊರತೆಯಿರಲಿಲ್ಲ. ಚೆನ್ನಮ್ಮ ತೆರೆದ ಕಣ್ಣುಗಳೊಡನೆ, ಮುಖದ ಒಂದೊಂದು ಗೆರೆ ಕಾಣುವಷ್ಟು ಸ್ಪಷ್ಟವಾಗಿ ಬಂದಿದ್ದರು. ಮಗನಿಗೆ ಮಾತ್ರ ಎರಡು ಮುಖ. ಒಂದು ನಮ್ಮ ಕಡೆ ನೋಡುವ ಸಿಪಾಯಿಯದು. ಅದರ ಮೇಲೆ ಹೊಗೆಯಂತೆ, ತಾಯಿಯ ಕಡೆಗೆ ತಿರುಗಿದ ಇನ್ನೊಂದು. ಅಷ್ಟರಲ್ಲಿ ಕುಶಾಲಪ್ಪ ಊರು ಬಿಟ್ಟಾಗಿತ್ತು. ಇದನ್ನು ಕೊಡುವುದು ಹೇಗೆಂದು ನಮ್ಮವರು ತಲೆಯ ಮೇಲೆ ಕೈಹೊತ್ತು ಕೂತರು. ಕಡೆಗೆ ನಾನೇ ಪ್ರಿಂಟು ಹಿಡಿದುಕೊಂಡು ಹೋದೆ, ಕ್ಷಮೆಯ ಮಾತುಗಳನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು.

ಚೆನ್ನಮ್ಮ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು. ಮಗ ಅಲುಗಿದ್ದರಿಂದ ಹೀಗಾಯಿತೆಂದು ಹೇಗೋ ಹೇಳಿದೆ.

"ಇವ ಸಣ್ಣದಿರುವಾಗಲೂ ಒಂದು ಕಡೆ ಕೂತವನಲ್ಲ" ಎಂದರು ಅವರು. "ಸರಿಯಾಗಿಯೇ ಬಂದದೆ."

ಆ ಮಳೆಗಾಲ ಕಳೆದು ಯುದ್ಧವೂ ಮುಗಿದ ಮೇಲೆ ಕುಶಾಲಪ್ಪ ಒಂದು ದಿನ ಸ್ಟುಡಿಯೋಕ್ಕೆ ಬಂದ. ತೋಳಿಗೆ ಗುಂಡು ತಾಗಿ ಒಂದು ಕೈ ಪೂರ್ತಿ ಮಡಚುತ್ತಿರಲಿಲ್ಲ. ಚೆನ್ನಮ್ಮ ಅವನು ಬರುವ ಮೊದಲೇ ತೀರಿಹೋಗಿದ್ದರು. ಗೋಡೆಗೆ ಹಾಕಲು ದೊಡ್ಡದೊಂದು ಪ್ರತಿ ಬೇಕೆಂದ. ಮಸುಕನ್ನು ಬಣ್ಣದಿಂದ ತಿದ್ದಿ ಒಂದೇ ಮುಖ ಮಾಡಿಕೊಡುತ್ತೇನೆ ಎಂದು ನಮ್ಮವರು ಹೇಳಿದರು. ಅವ ಒಪ್ಪಲಿಲ್ಲ.

"ಬೇಡ. ಅಲುಗಬಾರದು ಅಂತ ನನಗೆ ಗೊತ್ತಿತ್ತು. ಅಮ್ಮ ಕರೆದರಲ್ಲ, ಎಂತ ಮಾಡುದು?"

ನಮ್ಮವರು ಈಗಿಲ್ಲ. ಮಕ್ಕಳು ಮೊಮ್ಮಕ್ಕಳು ಸೇರಿದಾಗೆಲ್ಲ ನನ್ನನ್ನು ನಡುವೆ ಕೂರಿಸಿ ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಬಹಳ ಕಾಲ ನಾನು ಕಲ್ಲಿನ ಹಾಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ, ಎಲ್ಲವೂ ನನ್ನಿಂದಲೇ ಹಾಳಾದೀತೆಂದು. ನಿನ್ನೆ ಸಂಜೆ ಹಾಗೆ ಕೂತಿದ್ದಾಗ ಒಳಗಿನಿಂದ ಮರಿಮಗಳು "ಅಜ್ಜೀ" ಎಂದು ಕೂಗಿದಳು. ನಾನು ತಿರುಗಿ, "ಇಲ್ಲಿದ್ದೇನೆ, ಬಾ" ಎಂದೆ. ಚಿತ್ರದಲ್ಲಿ ನನ್ನ ಮುಖವೇ ಕಾಣುವುದಿಲ್ಲವಂತೆ. ಇನ್ನೊಮ್ಮೆ ತೆಗೆಯುವ ಎಂದರು. ಆಗಲಿ ಎಂದೆ, ಆದರೆ ಇದನ್ನೂ ಇಟ್ಟುಕೊಳ್ಳಿ ಎಂದೆ.