ಕುಸುಬಿ ಎಣ್ಣಿಗೆ ಶೇಂಗಾದ ಬಾಲ

ಚಿತ್ತಾಪುರದ ಒಂದು ಎಣ್ಣಿ ಮಿಲ್ಲಿನ ಲ್ಯಾಬಿನಾಗ ನಾನು ಕಸ ಹೊಡೀತಿದ್ದೆ, ಬಾಟ್ಲಿ ತೊಳೀತಿದ್ದೆ. ತೊಂಬತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ಅಲ್ಲಿ ದೊಡ್ಡ ಟ್ರಂಕಿನಷ್ಟು ಒಂದು ಮಿಷನ್. ಒಳಗ ಒಲಿ, ಒಲಿಯಾಗ ಸುರುಳಿ ಸುತ್ತಿದ ಉದ್ದನ ಕೊಳವಿ. ಎಣ್ಣಿಗೆ ಔಷಧ ಹಾಕಿ ಕುದಿಸಿ, ಒಂದು ಹನಿ ಸೂಜಿಲೆ ಚುಚ್ಚತಿದ್ದರು. ಅದು ಆವಿಯಾಗತಿತ್ತು, ಗ್ಯಾಸು ಅದನ್ನ ಕೊಳವಿಯೊಳಗ ದೂಡತಿತ್ತು. ಎಣ್ಣಿಯಾಗಿನ ಹಗುರ ಭಾಗ ಮೊದಲು ಹೊರಗ, ಭಾರದವು ಕಡೀಕ. ಒಂದೊಂದು ಬಂದಾಗ ಪೆನ್ನು ಕಾಗದದ ಮ್ಯಾಲ ಒಂದೊಂದು ಗುಡ್ಡ ಬರೀತಿತ್ತು. ಗುಡ್ಡ ನೋಡಿ ಇದು ಕುಸುಬಿ, ಇದು ಶೇಂಗಾ ಅನ್ನೂದು. ನಾವು ನೆಕ್ಕಿ ಹೇಳತಿದ್ದೆವು, ಆದರ ನಾಲಿಗಿಗೆ ಡಿಗ್ರಿ ಇಲ್ಲಲ್ಲ.

ಮಿಷನ್ ಭಾಳ ನಿಧಾನ. ಗೇಟಿನಾಗ ಎಣ್ಣಿ ಮಾರಲಿಕ್ಕೆ ಡಬ್ಬಿ ಹಿಡಕೊಂಡ ಮಂದಿಯ ಸಾಲು. ಮಾಲೀಕ "ಜಲ್ದಿ, ಜಲ್ದಿ" ಅಂದ. ಲ್ಯಾಬಿನ ಹೊಸ ಸಾಹೇಬರು ಬಿಸಿ ಏರಿಸಿದರು, ಗ್ಯಾಸು ಜೋರು ಬಿಟ್ಟರು. ಗುಡ್ಡಗಳು ಒಂದಕ್ಕೊಂದು ಅಂಟಿಕೊಂಡು ಯಾವುದು ಯಾವುದಂತ ತಿಳೀಲಿಲ್ಲ. ಆಮ್ಯಾಲ ಅದನ್ನ ಬಿಟ್ಟು ಇನ್ನೊಂದು ಜಾಣತನ ಹುಡುಕಿದರು: ದೊಡ್ಡ ಗುಡ್ಡ ಬಂದ ಕೂಡಲೆ ಕಾಗದ ಹರಿದು ಮುಂದಿನ ಎಣ್ಣಿ ಚುಚ್ಚೂದು.

"ಟೈಮು ಅರ್ಧ ಉಳೀತು ನೋಡವ್ವಾ!" ಅಂದರು. ಕೇಳಲಿಕ್ಕೆ ನಾ ಒಬ್ಬಾಕಿನೇ ಇದ್ದೆ, ಪಾಪ.

ಅದೇ ವಾರ ಕೊಡ್ಲಿ ಊರಿಗೆ ಕೊಟ್ಟ ನನ್ನ ತಂಗಿ ತನ್ನ ಎತ್ತಿನ ಗಾಣದ ಕುಸುಬಿ ಎಣ್ಣಿ ತಂದಳು. ಮಿಲ್ಲಿನವರು ತಗೊಂಡರ ಗಾಣ ನಡೀತದ, ಇಲ್ಲಂದ್ರ ಎತ್ತು ಮಾರೂದು. ಆಕೀಕಿಂತ ಮೊದಲು ಯಾರದೋ ಶೇಂಗಾ ಎಣ್ಣಿ ಮಿಷನ್ನಿಗೆ ಹೊಕ್ಕಿತ್ತು. ಸಾಹೇಬರು ತಂಗಿಯ ಕಾಗದ ಹಿಡಕೊಂಡು ಗೇಟಿಗೇ ಬಂದು ಒದರಿದರು, "ಈ ಬಾಯಿ ಕುಸುಬಿಗೆ ಶೇಂಗಾ ಕೂಡಿಸ್ಯಾಳ!"

"ನಮ್ಮ ಗಾಣಕ್ಕ ಶೇಂಗಾನೇ ಬರೂದಿಲ್ರಿ."

"ಮಿಷನ್ ಸುಳ್ಳು ಹೇಳೂದಿಲ್ಲ."

"ಹಂಗಾದ್ರ ನಾಳಿ ಮುಂಜಾನೆ ಮೊದಲ ಬೋಣಿ ನಂದೇ ಮಾಡ್ರಿ. ನಾವು ಬೋಣಿ ಗಿರಾಕಿ ಕಾಳು ಒರೆಸಿದ ಗಾಣಕ್ಕೇ ಹಾಕತೀವಿ. ಮಂದಿ ಎಂಜಲದ ಮ್ಯಾಲ ನನ್ನ ಎಣ್ಣಿ ಬ್ಯಾಡ."

"ಬೋಣಿಗೆ ಇದೇನು ಕಿರಾಣಿ ಅಂಗಡಿ ಏನು?" ಅಂತ ನಕ್ಕರು. ಆಕಿ ಗೇಟು ಬಿಟ್ಟು ಕದಲಲಿಲ್ಲ, ಕಡೀಕ ಸಾಹೇಬರು ಒಪ್ಪಿದರು.

ಮರುದಿನ ಮುಂಜಾನೆ ಮೊದಲ ಹನಿ ತಂಗೀದೇ. ಶೇಂಗಾದ ಗುಡ್ಡ ಒಂದೂ ಇಲ್ಲ.

"ಎಲ್ಲಿ ಹೋತ್ರಿ ಶೇಂಗಾ? ತನ್ನ ಊರಿಗೆ ಹೋತೇನು?" ಅಂದಳು ತಂಗಿ.

ಸಾಹೇಬರು ನಿನ್ನಿನ ಶೇಂಗಾ ಎಣ್ಣಿ ಬಾಟ್ಲಿ ತಂದರು. ಅದನ್ನ ಚುಚ್ಚಿ, ಈ ಸಲ ಕಾಗದ ಹರೀದೇ ಕುಂತರು. ಚಹಾ ಆರಿತು. ದೊಡ್ಡ ಗುಡ್ಡ ಮುಗಿದು ಭಾಳ ಹೊತ್ತಿಗೆ ಸಣ್ಣ ಗುಡ್ಡಗಳು ತೆವಳಿಕೋತ ಬಂದವು. ಶೇಂಗಾದ ಬಾಲ! ಅದು ಕೊಳವಿಯಾಗ ಇದ್ದಾಗಲೇ ನಿನ್ನಿ ಕುಸುಬಿ ಚುಚ್ಚಿದ್ದರು. ಬಸ್ಸಿನ ಹಿಂದಿನ ಸೀಟಿನ ಮುದುಕಿ ಇಳಿಯೂದ್ರಾಗ ಹೊಸ ಮಂದಿ ಹತ್ತಿಸಿ, ಆಕಿ ಗಂಟು ಇವರದು ಅಂದಂಗ.

"ಎಣ್ಣಿ ಛಲೋ ಅದ ತಾಯಿ, ಡಬ್ಬಿ ಒಳಗ ತರ್ರಿ," ಅಂದರು ನೆಲ ನೋಡಿಕೋತ. ನಿನ್ನಿ 'ಈ ಬಾಯಿ' ಅನಿಸಿಕೊಂಡಾಕಿ ಇವತ್ತು ತಾಯಿ ಆಗಿದ್ದಳು.

"ಛಲೋ ಅದ ಅಂತ ನನಗ ಗೊತ್ತದ. ಗೇಟಿನಾಗ ಹೇಳ್ರಿ."

ಹೋಗಿ ಮೀಸಿಯೊಳಗೇ ಹೇಳಿದರು.

"ಕೇಳಸಲಿಲ್ರಿ. ನಿನ್ನಿ ಗಂಟಲ ಎಲ್ಲಿ ಬಿಟ್ಟು ಬಂದ್ರಿ?"

ಒದರಿದರು.

ಮುಂದ ಗಿಡ್ಡ, ತೆಳ್ಳನ ಕೊಳವಿ ತರಿಸಿದರು. ಮೊದಲು ಬಿಸಿ ಕಡಿಮಿ, ಕಡೀಕ ಏರಿಸಿ ಬಾಲ ಪೂರಾ ಹೊರಗ ಹಾಕತಿದ್ದರು. ಗುಡ್ಡಗಳು ಬ್ಯಾರೆ ಬ್ಯಾರೆ ನಿಂತವು, ಕೆಲಸಾನೂ ಜಲ್ದಿ ಆತು. ಮಾಲೀಕ ಸಾಹೇಬರಿಗೆ ಶಾಲು ಹೊದಿಸಿದ. ತಂಗಿ ಎತ್ತು ಮಾರಲಿಲ್ಲ.